ಹವಳದ ರೋಗ ತೋರಿಸಲು ಹಾಲಿನ ಪ್ಲೇಟೋ, ತೊಗರಿ ಸಸಿಯೋ?

ಕಡಲಿಲ್ಲದ ಕಲಬುರಗಿಯಲ್ಲಿ ಹವಳದ ರೋಗದ ಪಾಠ ಮಾಡಬೇಕು. ಹವಳ ಬಿಳಚಿಕೊಳ್ಳುವುದರಲ್ಲಿ ಬ್ಯಾಕ್ಟೀರಿಯಾ ಹೊರಬಿಡುವ ವಿಷದ ಪಾಲೆಷ್ಟು ಎಂಬುದನ್ನು ಬಿಎಸ್ಸಿ ಮಕ್ಕಳಿಗೆ ಬಾಯಿಮಾತಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೇ ಲ್ಯಾಬಿನಲ್ಲಿ ಎರಡು ಬದಲಿ ಪ್ರಯೋಗ ಮಾಡಿಸಿ ನೋಡಿದೆ.

ಒಂದು, ಕೆನೆ ತೆಗೆದ ಹಾಲು ಬೆರೆಸಿದ ಅಗರ್ ಪ್ಲೇಟ್. ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾದ ಗೆರೆ ಎಳೆದಿಟ್ಟರೆ ಮರುದಿನ ಅದರ ಸುತ್ತ ಹಾಲು ತಿಳಿಯಾಗಿರುತ್ತದೆ. ಅದು ಬಿಡುವ ಪ್ರೋಟಿಯೇಸ್ (ಪ್ರೋಟೀನ್ ಒಡೆಯುವ ಕಿಣ್ವ) ಹಾಲಿನ ಪ್ರೋಟೀನಾದ ಕೇಸಿನ್ ತಿಂದಿರುತ್ತದೆ. ಹವಳಕ್ಕೆ ರೋಗ ತರುವ ವಿಬ್ರಿಯೊ ಕೊರಲ್ಲಿಲಿಟಿಕಸ್ ಬ್ಯಾಕ್ಟೀರಿಯಾ ಬಿಡುವುದೂ ಪ್ರೋಟಿಯೇಸೇ, ಸತು ಇರುವಂಥದ್ದು. ಹವಳದೊಳಗಿದ್ದು ಅದಕ್ಕೆ ಬಣ್ಣ ಕೊಡುವ ಪಾಚಿಯ ದ್ಯುತಿಸಂಶ್ಲೇಷಣೆಯನ್ನೇ ಅದು ಕೆಡಿಸುತ್ತದೆ. ಲೋಹದ ಅಯಾನು ಕಿತ್ತುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಹಾಕಿದರೆ ಆ ಕಿಣ್ವ ಸುಮ್ಮನಾಗುತ್ತದೆ. ಕೆಡಿಸುವುದು ಆ ಕಿಣ್ವವೇ ಎಂಬುದಕ್ಕೆ ಅದೇ ಗಟ್ಟಿ ಸಾಕ್ಷಿ. ಹಾಲಿನ ಪ್ಲೇಟು ಕೈಕೊಡುವುದು ಅಲ್ಲಿಯೇ. ಬರೀ ಇಡಿಟಿಎ ಹಾಕಿದ ಗುಳಿಯ ಸುತ್ತಲೂ ಹಾಲು ತಿಳಿಯಾಯಿತು. ಕ್ಯಾಲ್ಸಿಯಂ ಕಿತ್ತುಕೊಂಡರೆ ಕೇಸಿನ್ ಕಣ ತಾನಾಗಿಯೇ ಬಿಚ್ಚಿಕೊಳ್ಳುತ್ತದಲ್ಲ!

ಇನ್ನೊಂದು ನಮ್ಮ ತೊಗರಿ. ನೆಟೆ ರೋಗದ ಗಿಡದಿಂದ ಫ್ಯುಸೇರಿಯಂ ಉಡಮ್ ಶಿಲೀಂಧ್ರ ಬೇರ್ಪಡಿಸಿ, ದ್ರವದಲ್ಲಿ ಬೆಳೆಸಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಬೇಕು. ಆ ರಸದಲ್ಲಿ ಬೇರು ಕತ್ತರಿಸಿದ ಸಸಿ ನಿಲ್ಲಿಸಿದರೆ ಮೊದಲು ಎಲೆ ಜೋಲುತ್ತದೆ, ಆಮೇಲೆ ಅಂಚು ಸುರುಟುತ್ತದೆ. ರಸದಲ್ಲಿ ಶಿಲೀಂಧ್ರದ ಎಳೆಯೊಂದೂ ಇಲ್ಲ. "ಸರ್, ನಮ್ಮ ಹೊಲದಾಗೂ ಹಿಂಗೇ ಜೋತು ಬೀಳ್ತಾವ್ರಿ" ಎಂದ ಒಬ್ಬ ಹುಡುಗ. ಅಲ್ಲಿಂದ ಮುಂದೆ ಪಾಠ ತಾನೇ ಓಡಿತು.

ಕುದಿಸಿದ ಮೇಲೂ ಈ ರಸ ಸಸಿಯನ್ನು ಬಾಡಿಸಿತು, ಇದರಲ್ಲಿರುವ ಶಿಲೀಂಧ್ರದ ವಿಷ, ಫ್ಯುಸೇರಿಕ್ ಆಮ್ಲ, ಬಿಸಿಗೆ ಬಗ್ಗುವುದಿಲ್ಲ. ಕುದಿಸಿದ ಬ್ಯಾಸಿಲಸ್ ರಸ ಹಾಲಿನ ಮೇಲೆ ಏನೂ ಮಾಡಲಿಲ್ಲ. ಮೆಡಿಟರೇನಿಯನ್‌ನ ಆಕ್ಯುಲಿನಾ ಪಟಗೋನಿಕಾ ಹವಳವನ್ನು ಕಾಡಿದ ವಿಬ್ರಿಯೊ ಶಿಲೋಯಿ ಬ್ಯಾಕ್ಟೀರಿಯಾದಲ್ಲಿ ಈ ಎರಡೂ ಬಗೆ ಇದ್ದವು: ಬಿಸಿ ತಡೆದು ದ್ಯುತಿಸಂಶ್ಲೇಷಣೆ ನಿಲ್ಲಿಸುವ ಚಿಕ್ಕ ವಿಷ, ಬಿಸಿಗೆ ಕೆಟ್ಟುಹೋಗುವ, ಪಾಚಿಯನ್ನು ಒಡೆಯುವ ದೊಡ್ಡ ವಿಷ. (ಮುಂದೆ ಆ ಹವಳ ಈ ಬ್ಯಾಕ್ಟೀರಿಯಾಗೆ ಜಗ್ಗದಂತಾಯಿತು, ಅದು ಬೇರೆಯೇ ಕಥೆ.)

ತೊಗರಿಗೆ ವಾರಕ್ಕೂ ಹೆಚ್ಚು ಬೇಕು, ಫಿಲ್ಟರ್ ಖರ್ಚು ಬೇರೆ. ಶಿಲೀಂಧ್ರ ಬೆಳೆಸದ ಖಾಲಿ ದ್ರವದಲ್ಲೂ ಒಂದು ಸಸಿ ಇಡಲೇಬೇಕು, ಇಲ್ಲವಾದರೆ ಬಾಡಿಸಿದ್ದು ವಿಷವೋ ದ್ರವದ ಸಕ್ಕರೆಯೋ ಗೊತ್ತಾಗದು. ಆದರೂ ನನ್ನ ಮತ ತೊಗರಿಗೇ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಹಾಲಿನ ಪ್ಲೇಟೇ ಗತಿ. 40 ಡಿಗ್ರಿ ದಾಟುವ ನಮ್ಮೂರ ಬಿಸಿಲಿಗೆ ಬರೀ ನೀರಲ್ಲಿಟ್ಟ ಸಸಿಯೂ ಬಾಡಿಬಿಡುತ್ತದೆ.