26 ವರ್ಷ ಬಳಸಿದ ಟ್ರೌಟನ್ ಆಂಡ್ ಸಿಮ್ಸ್ ಡಂಪಿ ಲೆವೆಲ್: ಪಾಲಿಶ್ ಮಾತ್ರ ಮಾಡಿಸಬೇಡಿ

ಹಳೇ ಕಾಫಿ ಎಸ್ಟೇಟೊಂದರ ಸಾಮಾನು ಹರಾಜಿಗೆ ಬಂದಾಗ ಅಪ್ಪ ಕೊಂಡು ತಂದದ್ದು ಈ ಡಂಪಿ ಲೆವೆಲ್, ಅಂದರೆ ನೆಲದ ಏರುತಗ್ಗು ಅಳೆಯುವ ಉಪಕರಣ. ಮರದ ಪೆಟ್ಟಿಗೆ, ಒಳಗೆ ಹಿತ್ತಾಳೆಯ ಗಿಡ್ಡ ದುರ್ಬೀನು, ಮೇಲೆ ‘ಟ್ರೌಟನ್ ಆಂಡ್ ಸಿಮ್ಸ್, ಲಂಡನ್’ ಎಂಬ ಕೆತ್ತನೆ. 1998ರಿಂದ ನನ್ನ ಕೈಯಲ್ಲಿದೆ. ತೋಟದ ಬಸಿಗಾಲುವೆ, ಕೆರೆಯ ಕೋಡಿ, ಕಾಫಿ ಕಣದ ಇಳಿಜಾರು, ಅಕ್ಕಪಕ್ಕದವರ ಮನೆ ಪಾಯ, ಎಲ್ಲಕ್ಕೂ ಇದನ್ನೇ ಹೊತ್ತುಕೊಂಡು ಹೋಗಿದ್ದೇನೆ.

ಮೊದಲು ಮಾಡಿದವರ ವಿಷಯ. ಫ್ಲೀಟ್ ಸ್ಟ್ರೀಟ್‌ನಲ್ಲಿ ಟ್ರೌಟನ್ ಅಣ್ಣತಮ್ಮಂದಿರು ನಡೆಸಿ, ಆಮೇಲೆ ಎಡ್ವರ್ಡ್ ಟ್ರೌಟನ್ ಒಬ್ಬನೇ ನೋಡಿಕೊಳ್ಳುತ್ತಿದ್ದ ಅಂಗಡಿಗೆ 1826ರಲ್ಲಿ ವಿಲಿಯಂ ಸಿಮ್ಸ್ ಪಾಲುದಾರನಾಗಿ ಬಂದ. ಆತ ತೀರಿಕೊಂಡ ಮೇಲೆ ಮಗ ಮತ್ತು ಸೋದರನ ಮಗ ಸೇರಿ ನಡೆಸಿದರು. ಸರ್ವೇಯರ್ ಜಾರ್ಜ್ ಎವರೆಸ್ಟ್ ಭಾರತದ ಸರ್ವೆಗೆಂದು 1830ರಲ್ಲಿ ತಂದ, ಕೋನ ಅಳೆಯುವ 36 ಇಂಚಿನ ಥಿಯೋಡೊಲೈಟ್ ಇವರದೇ. 1832ರಲ್ಲಿ ವಿಲಿಯಂ ಗ್ರಾವಟ್ ಎಂಬ ಇಂಜಿನಿಯರ್‌ ಯೋಚಿಸಿದ ಡಂಪಿ ಲೆವೆಲ್ಲನ್ನು ಮಾಡಿಕೊಟ್ಟವರೂ ಇವರೇ. ಎಡ್ವರ್ಡ್ ಟ್ರೌಟನ್‌ಗೆ ಬಣ್ಣಗುರುಡು ಇತ್ತಂತೆ. ಮಾಗಿದ ಚೆರಿ ಹಣ್ಣನ್ನು ಎಲೆಯಿಂದ ಬೇರೆ ಎಂದು ಗುರುತಿಸಲು ಆಕಾರವೇ ಬೇಕಾಗಿತ್ತು. ನಮ್ಮಲ್ಲಿ ಕಾಫಿ ಕೊಯ್ಲಿಗೆ ಕರೆದಿದ್ದರೆ ಹಸಿ ಕಾಯಿಯನ್ನೂ ಕಿತ್ತು ಬುಟ್ಟಿ ತುಂಬಿಸಿರುತ್ತಿದ್ದ!

ಬಳಕೆ ಹೇಗೆ? ಮಟ್ಟ ಮಾಡಲು ಬುಡದಲ್ಲಿ ನಾಲ್ಕು ಫೂಟ್ ಸ್ಕ್ರೂ. ಎದುರುಬದುರಿನ ಎರಡನ್ನು ಹಿಡಿದು ಎರಡೂ ಹೆಬ್ಬೆರಳನ್ನು ಒಳಕ್ಕೋ ಹೊರಕ್ಕೋ ಒಟ್ಟಿಗೆ ತಿರುಗಿಸಬೇಕು. ಎಡ ಹೆಬ್ಬೆರಳು ಹೋದತ್ತ ಬಬಲ್, ಅಂದರೆ ಮಟ್ಟ ತೋರಿಸುವ ಗಾಜಿನ ನಳಿಕೆಯ ಗುಳ್ಳೆ, ಹೋಗುತ್ತದೆ. ಇದಿಷ್ಟು ಕೈಗೆ ಬರಲು ನನಗೆ ಒಂದು ವಾರ ಹಿಡಿಯಿತು. ಬಿಂಬ ತಲೆಕೆಳಗಾಗಿ ಕಾಣುತ್ತದೆ. ಸ್ಟಾಫ್ (ಅಳತೆ ಗುರುತಿನ ಉದ್ದನೆಯ ಪಟ್ಟಿ) ಹಿಡಿದ ನಮ್ಮ ತೋಟದ ಗುಮಾಸ್ತ ರೈಟರು ಬಾವಲಿಯ ಹಾಗೆ ನೇತಾಡುತ್ತಿರುತ್ತಾರೆ, ಅಂಕಿಗಳು ಮೇಲಿನಿಂದ ಕೆಳಕ್ಕೆ ಬೆಳೆಯುತ್ತವೆ. ಆರು ತಿಂಗಳಾದ ಮೇಲೆ ಅದು ತಲೆಕೆಳಗಿದೆ ಅನ್ನುವುದೇ ಮರೆತುಹೋಗುತ್ತದೆ. ಈಗಿನ ಮೀಟರ್ ಸ್ಟಾಫ್ ಧಾರಾಳವಾಗಿ ನಡೆಯುತ್ತದೆ, ಲೆವೆಲ್‌ಗೆ ಬೇಕಿರುವುದು ದುರ್ಬೀನಿನೊಳಗಿನ ಅಡ್ಡಗೆರೆಯೊಂದೇ.

ಆ ಗೆರೆಯೇ ಒಮ್ಮೆ ಹೋಯಿತು. ಆ ಗೆರೆ ಎಳೆಯುವ ಸಣ್ಣ ಎಳೆ, ಕ್ರಾಸ್ ಹೇರ್, ತುಂಡಾಗಿ ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಹೊಸ ಗೆರೆ ಕೂರಿಸಿದರು, ನಾನು ಕೇಳದಿದ್ದರೂ ಹಿತ್ತಾಳೆಯನ್ನು ಮದುವೆ ಮನೆಯ ಚೊಂಬಿನ ಹಾಗೆ ಉಜ್ಜಿಕೊಟ್ಟರು. ಹಿತ್ತಾಳೆ ಕಾಯುವ ಹಳೇ ಲೇಪ, ಲ್ಯಾಕರ್, ಪೂರ್ತಿ ಮಾಯ. ಅದೇ ವಾರ 20 ಮೀಟರ್ ಉದ್ದದ ಗೋಡೌನ್ ಪಾಯಕ್ಕೆ ಲೆವೆಲ್ ಕೊಟ್ಟೆ. ಮೇಸ್ತ್ರಿ ನೀರು ತುಂಬಿದ ಟ್ಯೂಬ್ ಹಿಡಿದು ನೋಡಿ, “ಸಾರ್, ನಿಮ್ಮ ದುರ್ಬೀನು ಸುಳ್ಳು ಹೇಳ್ತಿದೆ” ಅಂದ. ದೂರದ ಮೂಲೆಯಲ್ಲಿ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಸಿಟ್ಟು ಬಂತು, ಆದರೆ ಅವನು ಹೇಳಿದ್ದೇ ಸರಿ. ಮಾರನೇ ದಿನ 60 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದೆ. ನಡುವೆ ನಿಂತು ನೋಡಿದಾಗ ಗೂಟಗಳ ಎತ್ತರದ ಅಂತರ 42 ಸೆಂಟಿಮೀಟರ್, ಒಂದು ಗೂಟದ ಪಕ್ಕಕ್ಕೇ ಹೋಗಿ ನೋಡಿದರೆ 46.8. ಎರಡೂ ಒಂದೇ ಬರಬೇಕಿತ್ತು. ಗೆರೆ ಕೂತಿರುವ ಬಳೆಯ (ಡಯಾಫ್ರಂ) ಸ್ಕ್ರೂಗಳನ್ನು ಪಿನ್‌ನಿಂದ ಕೂದಲೆಳೆಯಷ್ಟು ತಿರುಗಿಸುತ್ತಾ ಸಂಜೆ ಹೊತ್ತಿಗೆ ಸರಿಮಾಡಿದೆ. ರಿಪೇರಿಯಿಂದ ಬಂದ ಕೂಡಲೇ ಈ ಪರೀಕ್ಷೆ ಮಾಡದ್ದು ನನ್ನದೇ ತಪ್ಪು. ಅಂದಿನಿಂದ ಪ್ರತಿ ಮಳೆಗಾಲ ಮುಗಿದ ಮೇಲೆ ಗೂಟ ಹೊಡೆಯುತ್ತೇನೆ. ಹಿಂದಿನ, ಮುಂದಿನ ಸ್ಟಾಫ್‌ಗಳು ಸಮದೂರದಲ್ಲಿರುವಂತೆಯೂ ನೋಡಿಕೊಳ್ಳುತ್ತೇನೆ, ಗೆರೆ ಸ್ವಲ್ಪ ಸುಳ್ಳಾಡಿದರೂ ಆಗ ಲೆಕ್ಕ ಕೆಡುವುದಿಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು: ಜೂನ್‌ನಿಂದ ಪೆಟ್ಟಿಗೆ ಮುಚ್ಚಿಟ್ಟರೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಒಳಗಿಡಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ.

ಕೊಳ್ಳುವವರು ಹೆಸರು ಓದಿ. ‘ಕುಕ್, ಟ್ರೌಟನ್ ಆಂಡ್ ಸಿಮ್ಸ್’ ಎಂದಿದ್ದರೆ ಅದು 1922ರಲ್ಲಿ ಯಾರ್ಕ್‌ನ ಕುಕ್ ಕಂಪನಿಯೊಂದಿಗೆ ಸೇರಿದ ಮೇಲಿನದು. ಹತ್ತೊಂಬತ್ತನೇ ಶತಮಾನದ್ದೆಂದು ಬೆಲೆ ಹೇಳಿದರೆ ಎದ್ದು ಬನ್ನಿ. ಕನ್ನಡಿಯಂತೆ ಹೊಳೆಯುವುದನ್ನು ಕಂಡರೆ ಮೊದಲು ಬಬಲ್ ಆಡುತ್ತದೆಯೇ ನೋಡಿ. ದಿನಕ್ಕೆ ನೂರು ರೀಡಿಂಗ್ ತೆಗೆಯುವ ಕಂಟ್ರಾಕ್ಟರ್ ನೀವಾದರೆ ಇದು ಬೇಡ, ತಾನಾಗಿಯೇ ಮಟ್ಟ ಹಿಡಿಯುವ ಆಟೋ ಲೆವೆಲ್ ತಗೊಳ್ಳಿ. ನನಗಂತೂ ಐದರಲ್ಲಿ ನಾಲ್ಕೂವರೆ ನಕ್ಷತ್ರ. ಅರ್ಧ ಕಡಿಮೆ ಮಾಡಿದ್ದು ತೂಕಕ್ಕೆ, ಗುಡ್ಡ ಹತ್ತುವಾಗ ಪೆಟ್ಟಿಗೆ ಹೊರುವವರು ರೈಟರು. ಅವರನ್ನು ಕೇಳಿದರೆ ಎರಡೇ ಕೊಡುತ್ತಾರೆ.