ಖಾಲಿ ಓಡಿಸಿ ನೋಡ್ರಿ: ಎಚ್‌ಓ ಸ್ಕೇಲ್ ಹಾಪರ್ ಮೂರು ನಮೂನಿ, ನಾ ಕಂಡಂಗ

ಇದು ಮಾಡೆಲ್ ರೈಲಿನ ಮಾತು. ಎಚ್‌ಓ ಅಂದ್ರ ಖರೆ ರೈಲಿನ 87ರಾಗ ಒಂದು ಪಾಲಿನ ಅಳತಿ, ಹಾಪರ್ ಅಂದ್ರ ತಳದ ಬಾಗ್ಲಾದಿಂದ ಮಾಲು ಇಳಿಸೂ ಗೂಡ್ಸ್ ಡಬ್ಬಿ. ಮೊದಲ ಹೇಳಿಬಿಡ್ತೇನಿ, ನನ್ನ ಓಟು ಕಿಟ್ ಹಾಪರ್‌ಗೆ. ಅಕ್ಯುರೇಲ್‌ನಂಥವರು ಮಾಡ್ತಾರಲ್ಲ, ಬಾಕ್ಸಿನ್ಯಾಗ ಬಿಡಿ ತುಂಡು ಬರ್ತಾವ, ನಾವ ಕುಂತು ಜೋಡಿಸ್ಕೋಬೇಕು, ತಳಕ್ಕ ಮೂರು ಬಾಯಿ ಇರೂ ಅಮೆರಿಕನ್ 70 ಟನ್ನಿನ ಹಾಪರ್. ಅದರ ಎದುರಿಗೆ ನಾ ಓಡಿಸಿ ನೋಡಿದ್ದು ಎರಡು. ಒಂದು, ಎಲ್ಲಾ ಜೋಡಿಸಿ ಬಣ್ಣಾ ಹಚ್ಚೇ ಬರೂ ರೆಡಿ-ಟು-ರನ್ ಹಾಪರ್. ಇನ್ನೊಂದು ನಮ್ಮ ರೈಲ್ವೇದ ಖಡಿ ಹಾಕೂ ಡಬ್ಬಿ, ಬಿಒಬಿವೈಎನ್, 3ಡಿ ಪ್ರಿಂಟ್ ಬಾಡಿ.

ಹುಬ್ಬಳ್ಳ್ಯಾಗ ಕುಂತು ಅಮೆರಿಕಾದ ಡಬ್ಬಿ ಯಾಕಪಾ ಅಂತ ಗೆಳ್ಯಾರೆಲ್ಲ ಕೇಳ್ತಾರ. ನೋಡ್ರಿ, ನಮ್ಮ ಲೈನಿನ್ಯಾಗ ದಿನಾ ಅದಿರು, ಕಲ್ಲಿದ್ದಲು ಹೊತ್ಕೊಂಡು ಹೊಸಪೇಟೆ ಕಡೆಗೂ ವಾಸ್ಕೋ ಕಡೆಗೂ ಓಡ್ಯಾಡೂ ಡಬ್ಬಿ ಬಹುತೇಕ ಬಾಕ್ಸ್‌ಎನ್ ಜಾತಿವು, ಅವು ಹಾಪರ್ ಅಲ್ಲವ ಅಲ್ಲ, ತಳಾ ಸಪಾಟ, ಟಿಪ್ಲರ್‌ಗೆ ಹಾಕಿ ಡಬ್ಬಿನ ಹೊಳ್ಳಿಸಿ ಖಾಲಿ ಮಾಡ್ತಾರ. ಖರೆ ಹಾಪರ್ ಅಂದ್ರ ತಳದ ಬಾಗ್ಲಾ ತೆರದ್ರ ಮಾಲು ತಾನ ಇಳೀಬೇಕು. ಥರ್ಮಲ್ ಸ್ಟೇಷನ್ನಿಗೆ ಹೋಗೂ ಬಿಒಬಿಆರ್‌ಎನ್ ಅಂಥಾದ್ದು, ಅದರ ಬಾಗ್ಲಾ ಗಾಳಿ ಒತ್ತಡದ ಮ್ಯಾಲ ತೆರೀತೈತಿ. ಡಬ್ಲಿಂಗ್, ಅಂದ್ರ ಎರಡನೇ ಲೈನು ಹಾಕೂ ಕೆಲಸಾ ನಡ್ಯೂ ಮುಂದ ಸಣ್ಣ ಸ್ಟೇಷನ್ನಿನ ಸೈಡಿಂಗ್‌ನ್ಯಾಗ ನಿಂದ್ರೂ ಬಿಒಬಿವೈಎನ್ ಇನ್ನೊಂದು, ಅದನ್ನ ಕೈಲೇ ತೆರದು ಹಳಿ ನಡುವ, ಹಳಿ ಹೊರಗ ಖಡಿ ಸುರೀತಾರ. ಇವೆರಡನ್ನ ಎಚ್‌ಓ ಸ್ಕೇಲ್‌ನ್ಯಾಗ ಫ್ಯಾಕ್ಟರಿ ಮಾಲಾಗಿ ಹುಡುಕಿ ಸಾಕಾತು ನನಗ. ಮತ್ತ ಅಳತಿದೂ ಒಂದ ಜಗಳ ಐತಿ. ನಮ್ಮ ಬ್ರಾಡ್ ಗೇಜ್, ಅಂದ್ರ ಎರಡು ಹಳಿ ನಡುವಿನ ಅಂತರ, 1676 ಮಿಮೀ, 87ರಿಂದ ಭಾಗಿಸಿದ್ರ 19 ಮಿಮೀ ದಾಟ್ತೈತಿ, ಎಚ್‌ಓ ಹಳಿ ಇರೂದು 16.5. ಅಂದ್ರ 1:87ರ ಭಾರತದ ಡಬ್ಬಿ ಆ ಹಳಿ ಮ್ಯಾಲ ಕಾಲು ಕೂಡಿಸ್ಕೊಂಡು ನಿಂತಂಗ ಕಾಣ್ತೈತಿ. ಗೇಜ್ ಸರಿ ಬರಬೇಕಂದ್ರ ಸ್ಕೇಲ್ 1:102ರ ಹತ್ರ ಹೋಗ್ತೈತಿ, ಆಮ್ಯಾಲ ಬಾಜೂಕ ನಿಲ್ಲಿಸಿದ ಎಚ್‌ಓ ಎಂಜಿನ್ ದೈತ್ಯ ಆಗ್ತೈತಿ. ಅಮೆರಿಕಾದ್ದಕ್ಕ ಈ ಕಿರಿಕಿರಿ ಇಲ್ಲ, 1435ನ್ನ 87ರಿಂದ ಭಾಗಿಸ್ರಿ, 16.5 ಬರ್ತೈತಿ.

ನಂದು ಮಾಳಿಗಿ ಮ್ಯಾಲಿನ ಖೋಲಿ, 8 ಬೈ 4 ಪ್ಲೈವುಡ್ ಒಂದ, 18 ಇಂಚು ತ್ರಿಜ್ಯದ ಕರ್ವು. ಕ್ಯಾಸಲ್‌ರಾಕ್‌ನಿಂದ ಕುಳೆಂ ಇಳಿಯೂ ಘಾಟಿನ ಏರು 37ಕ್ಕ 1 ಅಂತಾರಲ್ಲ, ಹುಚ್ಚ ಹಿಡ್ದು ನಾನೂ ಹೆಚ್ಚುಕಮ್ಮಿ ಅಷ್ಟ ಏರು ಇಟ್ಟೇನಿ. ಖರೆ ರೇಕು, ಅಂದ್ರ ಒಂದು ಪೂರಾ ಗಾಡಿಯ ಡಬ್ಬಿ ಸಾಲು, 58 ಬಾಕ್ಸ್‌ಎನ್, ಅದನ್ನ ಎಚ್‌ಓದಾಗ ಮಾಡಿದ್ರ 7 ಮೀಟರ್ ಉದ್ದ, ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಮಾಡಾಕ ಹೋದ್ರ 17 ಮೀಟರ್, ಮನಿ ಗ್ವಾಡಿ ಒಡದು ಬಾಜೂ ಮನ್ಯಾಗ ಹೋಗಬೇಕು. ಹಿಂಗಾಗಿ ಸಣ್ಣ ಡಬ್ಬಿ, ಹತ್ತು ಹನ್ನೆರಡರ ರೇಕು. 70 ಟನ್ನಿನ ಆ ಹಾಪರ್ ಸ್ಕೇಲ್‌ನ್ಯಾಗ ಐದೂವರಿ ಇಂಚಿನ ಆಸುಪಾಸು, ಕರ್ವಿನ ಮ್ಯಾಲ ಅಂದಾಗಿ ಕಾಣ್ತೈತಿ. ಇನ್ನೂ ಉದ್ದನ್ನ ಹೊಸಾ ಕಾಲದ ಕಲ್ಲಿದ್ದಲು ಹಾಪರ್‌ಗಳು 18 ಇಂಚಿನ್ಯಾಗ ಮೂಲಿ ಹೊರಗ ಹಾಕಿ ಹೋಗ್ತಾವ, ನೋಡಾಕಾಗೂದಿಲ್ಲ.

ಈಗ ಅಸಲಿ ತಲಿನೋವು. ವಜನ.

ಮುಚ್ಚಿದ ಡಬ್ಬಿ ಇದ್ರ ಒಳಗ ಏನರ ತುಂಬಿ ಮುಚ್ಚಿಬಿಡಬಹುದು, ಯಾರಿಗೂ ಕಾಣೂದಿಲ್ಲ. ತೆರೆದ ಹಾಪರ್ ಹಂಗಲ್ಲ, ಮ್ಯಾಲಿಂದ ನೋಡಿದ್ರ ತಳದ ತನಕ ಎಲ್ಲಾ ಬಯಲು. ಅದಿರಿನ ಲೋಡ್ ಹಾಕಿ ಓಡ್ಸಿದ್ರಾತಲ್ಲ ಅಂತೀರಿ, ಆದ್ರ ಖರೆ ಗಾಡಿ ಒಂದು ಕಡೆ ತುಂಬ್ಕೊಂಡು ಹೋಗಿ ಇನ್ನೊಂದು ಕಡೆ ಖಾಲಿ ಬರ್ತೈತಿ, ಎರಡೂ ಕಡೆ ತುಂಬಿದ ಗಾಡಿ ಓಡಿಸೂದು ನನ್ನ ಮನಸಿಗೆ ಒಗ್ಗೂದಿಲ್ಲ. ಖಾಲಿ ರೇಕು ಏರು ಹತ್ತಿ ಕರ್ವಿಗೆ ಬಂತಂದ್ರ ಮುಂದ ಎಂಜಿನ್ ಎಳೀತೈತಿ, ಹಿಂದಿನ ಡಬ್ಬಿ ಎಲ್ಲಾ ಜಗ್ಗತಾವ, ಎಳೆದ ದಾರ ನೆಟ್ಟಗ ಆಗಾಕ ನೋಡ್ತೈತಲ್ಲ ಹಂಗ ನಡುವಿನ ಹಗೂರ ಡಬ್ಬಿ ಕರ್ವಿನ ಒಳಗಡೆ ವಾಲಿ ಹಳಿ ಬಿಡ್ತಾವ. ಯಾವಾಗ್ಲೂ ನಡುವಿಂದ, ಯಾವಾಗ್ಲೂ ಏರಿನ ಮ್ಯಾಲ. ಮೊದಲಿಗೆ ಹಳಿ ಜಾಯಿಂಟ್ ಮ್ಯಾಲ ಸಂಶಯಾ ಬಂತು, ಆಮ್ಯಾಲ ಗಾಲಿ ಗೇಜ್ ಮ್ಯಾಲ, ಎಲ್ಲಾ ಸರಿ ಇತ್ತು. ಅದೇ ಡಬ್ಬ್ಯಾಗ ಒಂದ ಮುಟಿಗಿ ಮೊಳಿ ಹಾಕಿದ್ರ ಗಪ್‌ಚುಪ್ ಹೋಗ್ತಿತ್ತು.

ಅಮೆರಿಕಾದ ಮಾಡೆಲ್ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಲೆಕ್ಕಾ ಏನಂದ್ರ, ಎಚ್‌ಓ ಡಬ್ಬಿಗೆ 1 ಔನ್ಸ್, ಮ್ಯಾಲ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಐದೂವರಿ ಇಂಚಿಗೆ 3.75 ಔನ್ಸ್, ಅಂದ್ರ 106 ಗ್ರಾಂ. ಬರೇ ಪ್ಲಾಸ್ಟಿಕ್ ಬಾಡಿಯ ಖಾಲಿ ಹಾಪರ್ ಇದರ ಹತ್ರಕ್ಕೂ ಬರೂದಿಲ್ಲ, ಯಾವ ಕಂಪನಿದು ಇದ್ರೂ ಅಷ್ಟ. ಹಂಗಾರ ವಜನ ಎಲ್ಲಿ ಮುಚ್ಚಿಡೂದು? ಜಾಗಾ ಇರೂದು ಎರಡ. ಎರಡೂ ತುದಿಗೆ ಇಳಿಜಾರ ತಗಡಿನ ಕೆಳಗಿನ ಸಂದಿ, ಮತ್ತ ತಳದ ಬಾಯಿಗಳ ನಡುವಿನ ಕುಳಿ. ಕಿಟ್ ಗೆಲ್ಲೂದು ಇಲ್ಲೇ ನೋಡ್ರಿ. ತುಂಡು ತುಂಡಾಗಿ ಕೈಯಾಗ ಇರ್ತೈತಿ, ಅಂಟು ಹಚ್ಚೂಕಿಂತ ಮೊದಲ ಎಲ್ಲೆಲ್ಲಿ ಎಷ್ಟು ಹಿಡೀತೈತಿ ಅಂತ ನೋಡಿ, ತೂಗಿ, ತುಂಬಿ, ಆಮ್ಯಾಲ ಮುಚ್ಚಬಹುದು. ನಾ ಹಾಕೂದು ಕಾರಿನ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸೂ 5 ಗ್ರಾಂ ತುಂಡು, ಹಿಂದ ಅಂಟು ಇರ್ತೈತಿ, ಗೋಕುಲ ರೋಡಿನ ಕಡೆ ಟೈರ್ ಅಂಗಡ್ಯಾಗ ಕೇಳಿದ್ರ ಪಟ್ಟಿಗಟ್ಟಲೆ ಕೊಡ್ತಾರ, ಕಾರು ಎಲ್ಲಿ ನಿಲ್ಲಿಸೀರಿ ಸಾಹೇಬ್ರ ಅಂತ ಕೇಳ್ತಾರ ಅಷ್ಟ. ಸೀಸದ್ದು ಸಿಕ್ರ ಸಣ್ಣ ಜಾಗಕ್ಕ ಜಾಸ್ತಿ ವಜನ, ಆದ್ರ ಮುಟ್ಟಿದ ಮ್ಯಾಲ ಕೈ ತೊಳೀರಿ, ಹುಡುಗೂರ ಕೈಗೆ ಕೊಡಬ್ಯಾಡ್ರಿ. ಉಕ್ಕಿನ ತುಂಡು ಹಾಕೂರು ಒಂದು ನೆನಪಿಡ್ರಿ, ಹಳಿ ಕೆಳಗ ಅನ್‌ಕಪ್ಲಿಂಗ್ ಮ್ಯಾಗ್ನೆಟ್ (ಡಬ್ಬಿ ಕೊಂಡಿ ಬಿಡಿಸೂದು) ಕೂಡ್ರಿಸಿದ್ರ ಅದು ಡಬ್ಬಿನೂ ಜಗ್ಗತೈತಿ, ಸಾವಕಾಶ ಹೋಗೂ ಗಾಡಿ ಅಲ್ಲಿ ಮುಗ್ಗರಿಸಿದಂಗ ಆಗ್ತೈತಿ. ವಜನ ಎಷ್ಟು ಕೆಳಗ ಇರ್ತೈತಿ ಅಷ್ಟು ಛಲೋ.

ಅದಿರಿಂದು ಬಂತಲ್ಲ, ಸಂಡೂರು ಕಡೆಯಿಂದ ಖರೆ ಅದಿರು ತಂದು ಪುಡಿ ಮಾಡಿ ತುಂಬ್ತೇನಿ ಅನ್ನೂರು ಅದಾರ. ಬ್ಯಾಡ್ರೀ ಮಾರಾಯ್ರ. ಆ ಧೂಳು ಎಂಜಿನ್ನಿನ ಗೇರಿಗೆ ಹೊಕ್ಕಿತಂದ್ರ ಮುಗೀತು. ಥರ್ಮಾಕೋಲ್ ಕತ್ತರಿಸಿ ಮ್ಯಾಲ ಸಾಣಿಸಿದ ಖಡಿ ಪುಡಿ ಅಂಟಿಸ್ರಿ, ಬಣ್ಣಾ ಹೊಡೀರಿ, ಬೇಕಂದಾಗ ಎತ್ತಿ ತಗೀಬಹುದು.

ರೆಡಿ-ಟು-ರನ್ ಡಬ್ಬಿ ಚಂದ ಇತ್ತು, ಸುಳ್ಳ್ಯಾಕ ಹೇಳ್ಲಿ. ಬ್ರೇಕ್ ಪೈಪು, ಏಣಿ ಮೆಟ್ಟಲಾ, ಅಕ್ಷರಾ ಎಲ್ಲಾ ಕೂದಲೆಳಿಯಷ್ಟು ಸಣ್ಣು. ಕಂಪನಿ ಹೆಸರು ಹೇಳಂಗಿಲ್ಲ. ಆದ್ರ ವಜನ ಸೇರಿಸೋಣಂದ್ರ ಒಳಗ ಹೋಗಾಕ ದಾರಿನ ಇಲ್ಲ, ಎಲ್ಲಾ ಅಂಟಿಸಿ ಮುಗಿಸಿರ್ತಾರ, ಕೆಳಗಿಂದ ಸಂದ್ಯಾಗ ತುರುಕಾಕ ಹೋದ್ರ ಪೈಪು ಮುರೀತೈತಿ. ಹಳಿ ತಪ್ಪಿದಾಗೊಮ್ಮೆ ಎತ್ತಿ ಇಡೂ ಮುಂದ ಒಂದೊಂದು ಮೆಟ್ಟಲಾ ಕೈಗೆ ಬರ್ತಿತ್ತು. ಗಾಜಿನ ಕಪಾಟಿನ್ಯಾಗ ಇಡಾಕ ಅದಕ್ಕಿಂತ ಛಲೋದಿಲ್ಲ.

ಖಡಿ ಡಬ್ಬಿ ಮನಸಿಗೆ ಹತ್ರ, ನೋಡಿದವ್ರು ಮೊದಲ ಕೈ ಮಾಡೂದು ಅದರ ಕಡೇನ. ರೆಸಿನ್ ಪ್ರಿಂಟ್ ಹಗೂರ, ಪೆಡಸು. ಏಪ್ರಿಲ್ ಬಿಸಲಿಗೆ ಮಾಳಿಗಿ ಖೋಲ್ಯಾಗ ಪಕ್ಕದ ತೆಳು ತಗಡು ಸಣ್ಣಗ ಸೊಟ್ಟ ಆತು. ಪ್ರಿಂಟ್ ಆದ ತೂತಿನ್ಯಾಗ ಆಕ್ಸಲ್ ನೇರವಾಗಿ ಕೂಡ್ರಿಸಿದ್ರ ತಿಕ್ಕಿ ತಿಕ್ಕಿ ತೂತು ದೊಡ್ಡದಾಗ್ತೈತಿ, ಹಿತ್ತಾಳಿ ಬೇರಿಂಗ್ ಹಾಕಬೇಕು. ಗೆರಿ ಗೆರಿ ಕಾಣೂದು ಸ್ಯಾಂಡ್‌ಪೇಪರ್‌ಲೆ ಹೋಗ್ತೈತಿ.

ಕಪ್ಲರ್, ಅಂದ್ರ ಡಬ್ಬಿಗೆ ಡಬ್ಬಿ ಕೂಡಿಸೂ ಕೊಂಡಿ, ಯಾವುದಕ್ಕ ಬಂದ್ರೂ ನಾ ತಗದು ಕೇಡೀ ಕಂಪನಿದು ಹಾಕ್ತೇನಿ, ಎತ್ತರ ಒಂದ ಸಮಾ ಇರಬೇಕು, ಅಷ್ಟ. ನಮ್ಮ ಖರೆ ಗೂಡ್ಸ್ ಡಬ್ಬಿಗೂ ಬೆರಳು ಮಡಚಿ ಹಿಡಿದಂಗ ಕೂಡೂ ನಕಲ್ (knuckle) ಕಪ್ಲರ್ ಇರೂದ್ರಿಂದ ಬಿಒಬಿವೈಎನ್‌ಗೂ ಒಪ್ಪತೈತಿ. ಗಾಲಿ ಲೋಹದ್ದು ಇರಲಿ. ಇದಕ್ಕಿಂತ ಸಣ್ಣ ಅಳತಿಯ ಎನ್ ಸ್ಕೇಲ್ ಕೇಳೂರಿಗೆ, ನನ್ನ ಕಣ್ಣಿಗೆ ಆಗಿ ಬರೂದಿಲ್ಲ.

ರೊಕ್ಕದ ಮಾತು. 2020ರ ಬಜೆಟ್‌ನ್ಯಾಗ ಆಟಗಿ ಸಾಮಾನಿನ ಮ್ಯಾಲಿನ ಕಸ್ಟಮ್ಸ್ 20ರಿಂದ 60 ಪರ್ಸೆಂಟ್‌ಗೆ ಏರಿಸಿದ್ರು, 2023ರಾಗ 70 ಮಾಡಿದ್ರು, ಸ್ಕೇಲ್ ಮಾಡೆಲ್‌ಗಳೂ ಅದೇ ಪಟ್ಟ್ಯಾಗ ಬರ್ತಾವ, ಅದರ ಮ್ಯಾಲ ಜಿಎಸ್‌ಟಿ ಬ್ಯಾರೆ. 50 ಡಾಲರ್ ದಾಟೂ ರೆಡಿ ಡಬ್ಬಿ ಮನಿಗೆ ಬರೂದ್ರೊಳಗ ಎಷ್ಟಾಗ್ತೈತಿ ನೀವ ಲೆಕ್ಕಾ ಹಾಕ್ರಿ. ಕಿಟ್ 20 ಡಾಲರ್ ಆಸುಪಾಸು, ತೆರಿಗಿನೂ ಅಷ್ಟಕ್ಕ ಅಷ್ಟ. ಅದಕ್ಕ ನನ್ನ ರೇಕು ಪೂರಾ ಕಿಟ್ ಡಬ್ಬಿದ ಆಗೂದು, ಎರಡು ತಿಂಗಳಿಗೊಂದು ತರಿಸಿದ್ರೂ ಮನ್ಯಾಗ ಜಗಳಾ ಆಗೂದಿಲ್ಲ, ಬಣ್ಣಾ ಹಚ್ಚಾಕ ರವಿವಾರ ಐತಿ. ಬಿಒಬಿವೈಎನ್ ಒಂದನ್ನ ಸೈಡಿಂಗ್‌ನ್ಯಾಗ ಖಡಿ ಗುಂಪಿ ಬಾಜೂಕ ನಿಲ್ಲಿಸೇನಿ, ಓಡಿಸೂದಿಲ್ಲ.

22 ಇಂಚಿನ ಕರ್ವು, ಸಪಾಟ ಹಳಿ ಇದ್ದೋರಿಗೆ ನಾ ಬರದ ಅರ್ಧಾ ಮಾತು ಲಾಗೂ ಆಗೂದಿಲ್ಲ, ಅಂಥಲ್ಲಿ ಹಗೂರ ಡಬ್ಬಿನೂ ಸುಮ್ಮ ಹೋಗ್ತಾವ, ಅವರು ರೊಕ್ಕಾ ಇದ್ರ ರೆಡಿ-ಟು-ರನ್ನ ತೊಗೊಳ್ರಿ.