ಕಗಪ, ಇನ್‌ಸ್ಕ್ರಿಪ್ಟ್, ಲಿಪ್ಯಂತರ: ಮೂರರಲ್ಲೂ ಬರೆದು ನೋಡಿದ ಮೇಲೆ

ಕನ್ನಡ ಟೈಪ್ ಮಾಡುವವರಲ್ಲಿ ಯಾರನ್ನು ಕೇಳಿದರೂ ತಾವು ಬಳಸುವ ಕೀಬೋರ್ಡೇ ಸುಲಭ ಅನ್ನುತ್ತಾರೆ. ಬೆರಳಿಗೆ ಒಮ್ಮೆ ಕೂತದ್ದನ್ನು ಬಿಡುವುದು ಯಾರಿಗೂ ಕಷ್ಟವೇ. ಆದರೆ ಹೊಸದಾಗಿ ಕಲಿಯುವವರು ಬಂದು "ಯಾವುದು ಹಾಕಿಕೊಳ್ಳಲಿ?" ಎಂದಾಗ ಈ ಉತ್ತರ ಸಾಲುವುದಿಲ್ಲ. ನನ್ನ ಕೆಲಸ ಮಣಿಪಾಲದ ಸಣ್ಣ ಕಚೇರಿಯೊಂದರಲ್ಲಿ. ಆ್ಯಪ್‌ಗಳ ಬಟನ್, ಮೆನು, ಸೂಚನೆಗಳನ್ನು ಕನ್ನಡದಲ್ಲಿ ಬರೆಯುವುದು, ಅವು ಪರದೆಯ ಮೇಲೆ ಸರಿಯಾಗಿ ಕೂರುತ್ತವೆಯೇ ಎಂದು ನೋಡುವುದು. ಸಂಜೆಗೆ ಬಯಲಾಟದ ನೋಟೀಸು, ಯುವಕ ಮಂಡಲದ ಪತ್ರ, ತುಳುವಿನಲ್ಲಿ ಒಂದಿಷ್ಟು ಟಿಪ್ಪಣಿ. ಹೀಗೆ ದಿನದ ಹೆಚ್ಚಿನ ಹೊತ್ತು ಕನ್ನಡ ಲಿಪಿಯಲ್ಲೇ ಕಳೆಯುವುದರಿಂದ ಕಗಪ, ಇನ್‌ಸ್ಕ್ರಿಪ್ಟ್ ಎಂಬ ಎರಡು ಕೀಲಿ ವಿನ್ಯಾಸ, ಮತ್ತೆ ಲಿಪ್ಯಂತರ, ಈ ಮೂರು ವಿಧಾನಗಳನ್ನೂ ಒಂದೊಂದಾಗಿ ಹಿಡಿದು, ಉಳಿದವನ್ನು ಮುಟ್ಟದೆ, ಎಲ್ಲ ಕೆಲಸವನ್ನೂ ಅದರಲ್ಲೇ ಮಾಡಿ ನೋಡಿದೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಕಗಪ. ವೇಗ ಜಾಸ್ತಿ ಎಂಬುದಕ್ಕಲ್ಲ. ಕೀಲಿ ಒತ್ತುವ ಮೊದಲೇ ಪರದೆಯ ಮೇಲೆ ಏನು ಬರುತ್ತದೆ ಎಂದು ಗೊತ್ತಿರುತ್ತದೆ, ಅದಕ್ಕೆ.

ಮೂರೂ ಹೇಗೆ ಬೇರೆ ಎಂದು ನೋಡಲು 'ಮಂಗಳೂರು' ಸಾಕು. ಕಗಪದಲ್ಲಿ ಎಂ, ಶಿಫ್ಟ್-ಎಂ, ಜಿ, ಶಿಫ್ಟ್-ಎಲ್, ಶಿಫ್ಟ್-ಯು, ಆರ್, ಯು. ಏಳು ಕೀಲಿ, ಮೂರು ಶಿಫ್ಟ್. ಇನ್‌ಸ್ಕ್ರಿಪ್ಟಿನಲ್ಲಿ ಸಿ, ಎಕ್ಸ್, ಐ, ಶಿಫ್ಟ್-ಎನ್, ಟಿ, ಜೆ, ಜಿ. ಇಲ್ಲೂ ಏಳೇ ಕೀಲಿ, ಶಿಫ್ಟ್ ಮಾತ್ರ ಒಂದೇ. ಲಿಪ್ಯಂತರದಲ್ಲಿ, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವ ಕ್ರಮದಲ್ಲಿ, ಒಂಬತ್ತು ಅಕ್ಷರ ಹೊಡೆಯಬೇಕು. ಆಮೇಲೆ ಮೇಲಿನ ಪಟ್ಟಿಯಲ್ಲಿ ಬಂದ ಪದ ನಮಗೆ ಬೇಕಾದದ್ದೇ ಎಂದು ನೋಡಿಕೊಳ್ಳಬೇಕು.

ಕಗಪದ ವಿನ್ಯಾಸ ನಮ್ಮ ಊರಿನವರದೇ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ್ದು. ಅವರು ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನೇ ಅಧಿಕೃತವಾಗಿ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ತಲುಪಿತು. ಪರಿಷತ್ತಿನ ಹೆಸರಿನಿಂದಲೇ 'ಕಗಪ'.

ಇಂಟರ್‌ಫೇಸ್ ಕೆಲಸ ಮಾಡುವವನಾಗಿ ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಒಂದು ಜಾಣ್ಮೆ. ಕ, ಗ, ಮ, ರ ಮೊದಲಾದವಕ್ಕೆ ಅದೇ ಸದ್ದಿನ ಇಂಗ್ಲಿಷ್ ಕೀಲಿ. ಇದನ್ನು ಯಾರೂ ಊಹಿಸಬಹುದು. ಆದರೆ ಇಂಗ್ಲಿಷಿನ ಕ್ಯೂ, ಡಬ್ಲ್ಯು, ಎಕ್ಸ್, ಎಫ್ ಕೀಲಿಗಳ ಸದ್ದು ಕನ್ನಡಕ್ಕೆ ಹೊಂದುವುದಿಲ್ಲ. ಕನ್ನಡದ ಟ, ಡ, ಷ ಇಂಗ್ಲಿಷಿನಲ್ಲಿ ಇಲ್ಲ. ರಾವ್ ಅವರು ಖಾಲಿ ಇದ್ದ ಜಾಗಕ್ಕೆ ಜಾಗವಿಲ್ಲದವರನ್ನು ಕೂರಿಸಿದರು: ಕ್ಯೂ ಅಂದರೆ ಟ, ಡಬ್ಲ್ಯು ಅಂದರೆ ಡ, ಎಕ್ಸ್ ಅಂದರೆ ಷ. ಒತ್ತಕ್ಷರ ಕಟ್ಟುವ ಹಲಂತಕ್ಕೆ ಎಫ್. ಅದು ಎಡಗೈ ತೋರುಬೆರಳು ಸುಮ್ನೆ ಕೂತಿರುವ ಜಾಗ. ಕನ್ನಡದಲ್ಲಿ ಒತ್ತಕ್ಷರ ಎಷ್ಟು ಸಲ ಬರುತ್ತದೆ ಎಂದು ಯೋಚಿಸಿದರೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಕೀಲಿ, ಒಂದೂ ಶಿಫ್ಟ್ ಇಲ್ಲ. ಕಾಗದದ ಮೇಲೆ ನಾವು ಅಕ್ಷರ ಜೋಡಿಸಿ ಓದುವ ಕ್ರಮವೇ ಬೆರಳಿನಲ್ಲೂ ನಡೆಯುತ್ತದೆ.

ಕೊರತೆಯೂ ಉಂಟು. ದೀರ್ಘ ಬೇಕಾದಾಗಲೆಲ್ಲ ಶಿಫ್ಟ್. ಅನುಸ್ವಾರಕ್ಕೂ ಶಿಫ್ಟ್. ಸೊನ್ನೆ ಇಲ್ಲದೆ ಕನ್ನಡದ ಒಂದು ಸಾಲು ಮುಗಿಯುವುದೇ ಅಪರೂಪ. ಉದ್ದದ ಬರಹ ಮುಗಿಸಿ ಎದ್ದಾಗ ಕಿರುಬೆರಳು ನೋಯುತ್ತದೆ.

ಈ ವಿಷಯದಲ್ಲಿ ಇನ್‌ಸ್ಕ್ರಿಪ್ಟ್ ಮುಂದಿದೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತದ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ ಎಂದು ಗೊತ್ತುಮಾಡಿದ್ದು ಇದು. ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು. ಹಾಗಾಗಿ 'ರಾ', 'ಕಿ', 'ತು' ಹೊಡೆಯುವಾಗ ಬಲ-ಎಡ, ಬಲ-ಎಡ ಎಂದು ಕೈಗಳು ಸರದಿಯಲ್ಲಿ ನಡೆಯುತ್ತವೆ. ಕ ಮತ್ತು ಖ ಒಂದೇ ಕೀಲಿ, ಗ ಮತ್ತು ಘ ಒಂದೇ ಕೀಲಿ. ಒಳ್ಳೆಯ ಲಯ. ವಿಂಡೋಸ್‌ನಲ್ಲಿ 'ಕನ್ನಡ' ಎಂದಷ್ಟೇ ಹೆಸರಿರುವ ಕೀಬೋರ್ಡ್ ಇದೇ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ.

ನಮ್ಮ ಜಿಲ್ಲೆಗಳವರಿಗೆ ಇದರಿಂದ ಇನ್ನೊಂದು ಲಾಭ ಉಂಟು. ಎಲ್ಲ ಲಿಪಿಯಲ್ಲೂ 'ಕ' ಅದೇ ಕೀಲಿ, 'ಪ' ಅದೇ ಕೀಲಿ. ಇಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿದ್ದಾರೆ, ದೇವನಾಗರಿಯಲ್ಲಿ ಬರೆಯುವವರೂ ಇದ್ದಾರೆ. ತೆಂಕಕ್ಕೆ ಹೋದರೆ ಕಾಸರಗೋಡಿನ ಮಲಯಾಳ. ಇನ್‌ಸ್ಕ್ರಿಪ್ಟ್ ಒಮ್ಮೆ ಕಲಿತವರಿಗೆ ಈ ಮೂರಕ್ಕೂ ಬೆರಳು ಒಂದೇ. ಕಚೇರಿಯಲ್ಲಿ ಒಂದೇ ಆ್ಯಪ್ ಅನ್ನು ಕನ್ನಡ ಮತ್ತು ಹಿಂದಿಯಲ್ಲಿ ತಯಾರಿಸುವಾಗ ನನಗೆ ಇದು ಬಹಳ ಸಹಾಯವಾಯಿತು. ಲಿಪಿ ಬದಲಾಯಿಸಿದೆ, ಕೈ ಬದಲಾಗಲಿಲ್ಲ.

ಆದರೂ ನಾನು ಅದರಲ್ಲಿ ನಿಲ್ಲಲಿಲ್ಲ. ಅಂಗಡಿಯಲ್ಲಿ ಸಿಗುವ ಕೀಬೋರ್ಡಿನ ಮೇಲೆ ಇರುವುದು ಇಂಗ್ಲಿಷ್ ಅಕ್ಷರ ಮಾತ್ರ. ಸಿ ಕೀಲಿಯಲ್ಲಿ 'ಮ' ಉಂಟು, ವಿ ಕೀಲಿಯಲ್ಲಿ 'ನ' ಉಂಟು ಎಂದು ನೆನಪಿಡಲು ಯಾವ ಕೊಂಡಿಯೂ ಇಲ್ಲ. ಪಕ್ಕದಲ್ಲಿ ಚಾರ್ಟ್ ಇಟ್ಟುಕೊಂಡೇ ಶುರು ಮಾಡಬೇಕು. ನಡುವೆ ಇಂಗ್ಲಿಷಿನಲ್ಲಿ ಕೋಡ್ ಬರೆದು ಮತ್ತೆ ಕನ್ನಡಕ್ಕೆ ಬಂದಾಗ ಬೆರಳು ಒಂದು ಕ್ಷಣ ತಡವರಿಸುತ್ತದೆ. ಎರಡು ಭಾಷೆಯ ನಡುವೆ ದಿನವಿಡೀ ಓಡಾಡುವ ನನ್ನಂಥವರಿಗೆ ಇದು ದೊಡ್ಡ ತೊಡಕು. ಕನ್ನಡ ಮಾತ್ರ ಟೈಪ್ ಮಾಡುವವರಿಗೆ ಇದು ತೊಡಕೇ ಅಲ್ಲ, ಅವರು ಇನ್‌ಸ್ಕ್ರಿಪ್ಟನ್ನೇ ಕಲಿಯಲಿ.

ಇನ್ನು ಲಿಪ್ಯಂತರ. ಹೆಚ್ಚಿನವರು ಇವತ್ತು ಕನ್ನಡ ಬರೆಯುತ್ತಿರುವುದೇ ಇದರಿಂದ, ಫೋನಿನಲ್ಲಿ. ಇದು ಬಂದ ಮೇಲೆ ಕನ್ನಡ ಲಿಪಿಯಲ್ಲಿ ಸಂದೇಶ ಕಳಿಸುವವರು ನನ್ನ ಸುತ್ತಲೇ ಎಷ್ಟೋ ಮಂದಿ ಹುಟ್ಟಿಕೊಂಡರು. ಕಲಿಯುವುದು ಏನೂ ಇಲ್ಲ. ಆ ಉಪಕಾರವನ್ನು ಕಡಿಮೆ ಮಾಡಿ ಹೇಳಲಾರೆ. ತೊಂದರೆ ಇರುವುದು ಬೇರೆ ಕಡೆ: ಇಂಗ್ಲಿಷ್ ಅಕ್ಷರಕ್ಕೆ ಲ, ಳ ಭೇದವಿಲ್ಲ, ದ, ಡ ಭೇದವಿಲ್ಲ, ದೀರ್ಘವನ್ನು ಎಲ್ಲರೂ ಬರೆಯುವುದಿಲ್ಲ. ಒಂದೇ ಕಾಗುಣಿತಕ್ಕೆ ಕಾಲು, ಕಾಳು, ಕಲ್ಲು ಮೂರೂ ಸಾಲಿನಲ್ಲಿ ನಿಲ್ಲುತ್ತವೆ. ಹಾಲು, ಹಾಳು ಕೂಡ ಹಾಗೆಯೇ. ಯಂತ್ರ ಊಹಿಸುತ್ತದೆ, ನಾವು ಆರಿಸುತ್ತೇವೆ. ಆ ಪಟ್ಟಿಯ ಕ್ರಮವೂ ಬಳಸಿದಂತೆ ಬದಲಾಗುತ್ತ ಹೋಗುತ್ತದೆ. ನಿನ್ನೆ ಮೊದಲು ಇದ್ದ ಪದ ಇವತ್ತು ಎರಡನೆಯದು.

ಫೋನಿನಲ್ಲಿ ಇದು ಅಷ್ಟು ಕಾಡುವುದಿಲ್ಲ. ಕಣ್ಣು ಹೇಗೂ ಪರದೆಯ ಮೇಲೇ ಇರುತ್ತದೆ, ಹೆಬ್ಬೆರಳಿನ ಪಕ್ಕದಲ್ಲೇ ಪಟ್ಟಿ. ಕಂಪ್ಯೂಟರಿನಲ್ಲಿ ಹಾಗಲ್ಲ. ಪರಿಚಯದ ಭಾಗವತರೊಬ್ಬರ ಕೈಬರಹದ ಪ್ರಸಂಗದ ಪುಸ್ತಕವನ್ನು ನಾನು ಟೈಪ್ ಮಾಡುತ್ತಿದ್ದೇನೆ. ಕಣ್ಣು ಕಾಗದದ ಮೇಲಿರಬೇಕು. ಮಸುಕಾದ ಶಾಯಿ, ಹಳೆಯ ಬರವಣಿಗೆ. ಲಿಪ್ಯಂತರದಲ್ಲಿ ಪದಕ್ಕೊಮ್ಮೆ ತಲೆ ಎತ್ತಿ ಪಟ್ಟಿ ನೋಡಬೇಕಾಯಿತು. ತಲೆ ಇಳಿಸುವಷ್ಟರಲ್ಲಿ ಸಾಲು ತಪ್ಪುತ್ತಿತ್ತು. ಕಗಪದಲ್ಲಿ ಪದ್ಯ ಪೂರ್ತಿ ಮುಗಿಸಿಯೇ ತಲೆ ಎತ್ತುತ್ತೇನೆ.

ಬ್ಯಾಕ್‌ಸ್ಪೇಸ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿನ್ಯಾಸದ ಗುಣ ತಿಳಿಯುವುದು ಅಳಿಸುವಾಗಲೇ. 'ಸ್ತ್ರೀ' ಎಂಬುದು ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಕ್ರಮದ ಒಳಗೆ ಅದು ಆರು ತುಂಡು: ಸ, ಹಲಂತ, ತ, ಹಲಂತ, ರ, ಈಕಾರದ ಗುರುತು. ಬಾಣದ ಕೀಲಿ ಒತ್ತಿದರೆ ಎಷ್ಟೋ ಕಡೆ ಕರ್ಸರ್ ಇಡೀ ಅಕ್ಷರವನ್ನು ಒಂದೇ ನೆಗೆತದಲ್ಲಿ ದಾಟುತ್ತದೆ. ಅಂಥ ಕಡೆ ಡಿಲೀಟ್ ಒತ್ತಿದರೆ ಸಾಮಾನ್ಯವಾಗಿ ಪೂರ್ತಿ ಅಕ್ಷರವೇ ಹೋಗುತ್ತದೆ. ಬ್ಯಾಕ್‌ಸ್ಪೇಸ್ ಮಾತ್ರ ಕೊನೆಯಿಂದ ಒಂದೊಂದೇ ತುಂಡು ಕಳಚುತ್ತದೆ. ಕಗಪದಲ್ಲಿ, ಇನ್‌ಸ್ಕ್ರಿಪ್ಟಿನಲ್ಲಿ ಇದು ಸರಿಯಾಗಿ ಹೊಂದುತ್ತದೆ. ಆರು ಕೀಲಿ ಒತ್ತಿ ಕಟ್ಟಿದ್ದು, ಆರು ಸಲ ಒತ್ತಿ ಬಿಚ್ಚುವುದು. ದೀರ್ಘ ಮಾತ್ರ ತಪ್ಪಾಗಿದ್ದರೆ ಒಂದೇ ಸಲ ಅಳಿಸಿ, ಸರಿಯಾದದ್ದನ್ನು ಒತ್ತಿದರೆ ಆಯ್ತು. ಲಿಪ್ಯಂತರದಲ್ಲಿ ಸ್ಪೇಸ್ ಒತ್ತುವ ತನಕ ಬ್ಯಾಕ್‌ಸ್ಪೇಸ್ ಇಂಗ್ಲಿಷ್ ಅಕ್ಷರ ಅಳಿಸುತ್ತದೆ. ಸ್ಪೇಸ್ ಒತ್ತಿದ ಮೇಲೆ ಅದೇ ಕೀಲಿ ಕನ್ನಡದ ತುಂಡು ಅಳಿಸುತ್ತದೆ. ಒಂದು ಕೀಲಿಗೆ ಎರಡು ಕೆಲಸ. ಈಗ ಯಾವುದು ನಡೆಯುತ್ತಿದೆ ಎಂದು ಬರೆಯುವವರೇ ಲೆಕ್ಕ ಇಡಬೇಕು. ಬರಹದ ಮೇಲಿರಬೇಕಾದ ಗಮನ ಸಲಕರಣೆಯ ಮೇಲೆ ಹೋಗುತ್ತದೆ ಅಲ್ವಾ?

ಅಂಬಲಪಾಡಿಯಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮಾಸ್ಟ್ರು ಊರಿನ ಸಮಿತಿಯ ಪತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತಾವೇ ಬರೆಯುತ್ತಾರೆ. ದಾನಿಗಳ ಪಟ್ಟಿ ಮಾಡುವಾಗ ಲಿಪ್ಯಂತರ ಅವರಿಗೆ ತುಂಬ ಕಷ್ಟ ಕೊಟ್ಟಿತು. ಪಟ್ಟಿಯ ತುಂಬ ಮನೆತನದ ಹೆಸರುಗಳು, ಗುತ್ತಿನ ಹೆಸರುಗಳು. ಯಾವ ಶಬ್ದಕೋಶದಲ್ಲೂ ಇಲ್ಲದವು.

"ಎಂತ ಮಾರಾಯ ಇದು, ನಾನು ಒತ್ತುವುದು ಒಂದು, ಅದು ಹಾಕುವುದು ಇನ್ನೊಂದು" ಎಂದರು.

"ಮಾಸ್ಟ್ರೇ, ಇದನ್ನು ಬಿಡಿ, ನೀವು ಒತ್ತಿದ್ದನ್ನೇ ಹಾಕುವಂಥದ್ದು ಒಂದು ಉಂಟು" ಎಂದು ಕಗಪ ಹಾಕಿಕೊಟ್ಟೆ. ಹಲಂತದ ಕೀಲಿ ಒಂದನ್ನು ತೋರಿಸಿದ ಮೇಲೆ ಉಳಿದದ್ದನ್ನು ಅವರೇ ಕಂಡುಕೊಂಡರು. ಕಾಗುಣಿತ ಚೆನ್ನಾಗಿ ಗೊತ್ತಿದ್ದವರಿಗೆ ಕಗಪ ಬೇಗ ಹತ್ತುತ್ತದೆ. ಅವರ ಜ್ಞಾನಕ್ಕೆ ಅಲ್ಲಿ ಕೆಲಸ ಉಂಟು.

ತುಳುವಿಗೆ ಬಂದರೆ ವ್ಯತ್ಯಾಸ ಇನ್ನೂ ಹೆಚ್ಚು. ತುಳುವನ್ನು ನಾವು ಬರೆಯುವುದು ಕನ್ನಡ ಲಿಪಿಯಲ್ಲಿ. ಫೋನಿನ ಕನ್ನಡ ಲಿಪ್ಯಂತರಕ್ಕೆ ತುಳು ಗೊತ್ತಿಲ್ಲ, ಹತ್ತಿರದ ಕನ್ನಡ ಪದವನ್ನು ಮುಂದೆ ತಳ್ಳುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು 'ಮಲ್ತ್‌ದ್' ತರಹದ ಪದ. ಇಲ್ಲಿ ತಕಾರದ ಹಲಂತ ಎದ್ದು ಕಾಣಬೇಕು, ದಕಾರ ಅದರ ಪಕ್ಕ ನಿಲ್ಲಬೇಕು. ಸುಮ್ನೆ ಟೈಪ್ ಮಾಡಿದರೆ 'ಮಲ್ತ್ದ್' ಎಂದು ದಕಾರ ಕೆಳಗೆ ಒತ್ತಾಗಿ ಇಳಿಯುತ್ತದೆ, ಓದಲು ಆಗುವುದಿಲ್ಲ. ನಡುವೆ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ, ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು. ಕನ್ನಡದಲ್ಲೂ 'ಸಾಫ್ಟ್‌ವೇರ್' ಎಂದು ಬರೆಯಲು ಅದೇ ಬೇಕು, ಇಲ್ಲದಿದ್ದರೆ 'ಸಾಫ್ಟ್ವೇರ್'. 'ರ‍್ಯಾಂಕ್' ಬರೆಯಲು ಅದರ ಜೋಡಿಯಾದ ಜೀರೋ ವಿಡ್ತ್ ಜಾಯಿನರ್ ಬೇಕು. ರಕಾರದ ನಂತರ ಅದನ್ನು ಇಟ್ಟು ಆಮೇಲೆ ಹಲಂತ ಹಾಕದಿದ್ದರೆ ರಕಾರ ಅರ್ಕಾವತ್ತಾಗಿ ಯಕಾರದ ಆಚೆ ಹೋಗಿ ಕೂರುತ್ತದೆ.

ಲಿಪ್ಯಂತರ ಈ ಕಾಣದ ಅಕ್ಷರಗಳನ್ನು ಕೆಲವು ಪದಗಳಿಗೆ ತಾನೇ ಹಾಕುತ್ತದೆ, ಕೆಲವಕ್ಕೆ ಹಾಕುವುದಿಲ್ಲ. ಹಾಕಿದೆಯೋ ಇಲ್ಲವೋ ಎಂಬುದರಿಂದ ಆಮೇಲೂ ತೊಂದರೆ ಬರುತ್ತದೆ. ಎಷ್ಟೋ ಎಡಿಟರ್‌ಗಳ ಹುಡುಕಾಟದಲ್ಲಿ ಅದು ಇರುವ 'ಫೇಸ್‌ಬುಕ್' ಬೇರೆ, ಇಲ್ಲದ 'ಫೇಸ್ಬುಕ್' ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಕಗಪದಂಥ ಸ್ಥಿರ ಕೀಬೋರ್ಡಿನಲ್ಲಿ ನಾನು ಆ ನಾನ್ ಜಾಯಿನರ್ ಅನ್ನು ಒಂದು ಕೀಲಿಗೆ ಕಟ್ಟಿಕೊಂಡಿದ್ದೇನೆ. ಬೇಕಾದ ಕಡೆ ನಾನೇ ಒತ್ತುತ್ತೇನೆ, ಬೇಡದ ಕಡೆ ಬರುವುದಿಲ್ಲ. ತುಳು ಬರೆಯುವವರಿಗೆ ಈ ಒಂದು ಕಾರಣವೇ ಸಾಕು. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16.0 ಜೊತೆ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿದೆ, ಅದು ನನಗೆ ತುಂಬ ಸಂತೋಷದ ಸಂಗತಿ. ಆದರೆ ದಿನದ ಬರವಣಿಗೆ ಇನ್ನೂ ಬಹಳ ಕಾಲ ಕನ್ನಡ ಲಿಪಿಯಲ್ಲೇ ನಡೆಯುತ್ತದೆ.

ಪ್ರೆಸ್ಸಿನ ಕಡೆಯಿಂದಲೂ ಕಗಪಕ್ಕೆ ಬಲ ಉಂಟು. ನೋಟೀಸು ಅಚ್ಚು ಹಾಕಿಸಲು ಹೋದರೆ ಈಗಲೂ ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್, ಯೂನಿಕೋಡ್‌ಗೂ ಮುಂಚಿನ ನುಡಿಯ ಆಸ್ಕಿ ಫಾಂಟು ಕಾಣಸಿಗುತ್ತದೆ. ಯೂನಿಕೋಡ್ ಫೈಲು ಅಲ್ಲಿ ನೇರ ತೆರೆಯುವುದಿಲ್ಲ, ಪರಿವರ್ತಿಸಬೇಕು. ಹೀಗೆ ಫಾಂಟು ಬದಲಾದರೂ ಕೀಲಿಗಳ ಜಾಗ ಬದಲಾಗಲಿಲ್ಲ. ಆಸ್ಕಿ ಕಾಲದಲ್ಲಿ ಕಲಿತ ಡಿಟಿಪಿಯವರು ಯೂನಿಕೋಡ್‌ನಲ್ಲೂ ಅದೇ ವೇಗದಲ್ಲಿ ಹೊಡೆಯುತ್ತಾರೆ.

ಮಾತಾಡಿ ಬರೆಸುವುದನ್ನು ಈ ಹೋಲಿಕೆಗೆ ಸೇರಿಸಲಿಲ್ಲ. ಅಮ್ಮ ಅದನ್ನೇ ಬಳಸುತ್ತಾರೆ, ಅವರ ಸಂದೇಶಗಳಿಗೆ ಅದು ಚೆನ್ನಾಗಿ ಸಾಕಾಗುತ್ತದೆ.

ಈಗ ನನ್ನ ವ್ಯವಸ್ಥೆ ಹೀಗಿದೆ. ಫೋನಿನಲ್ಲಿ ಎರಡು ಸಾಲಿನ ಸಂದೇಶಕ್ಕೆ ಲಿಪ್ಯಂತರ, ಹೆಸರು ಮತ್ತು ತುಳು ಬರೆಯುವಾಗ ಕನ್ನಡ ಅಕ್ಷರಗಳೇ ಇರುವ ಕೀಬೋರ್ಡ್. ಕಂಪ್ಯೂಟರಿನಲ್ಲಿ ಕಗಪ ಮಾತ್ರ. ಉಬುಂಟು ಬಳಸುವವರಿಗೆ ಕಗಪಕ್ಕಾಗಿ ಹೊರಗಿನಿಂದ ಏನೂ ಬೇಡ. ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಇನ್‌ಪುಟ್ ಸೋರ್ಸ್ ಸೇರಿಸುವ ಕಡೆ ಕನ್ನಡ ಹುಡುಕಿ, ಕಗಪ ಫೊನೆಟಿಕ್ ಎಂದಿರುವುದನ್ನು ಆರಿಸಿದರೆ ಆಯ್ತು. ಆಮೇಲೆ, ಕಾಣದ ಅಕ್ಷರಕ್ಕಾಗಿ, ಗ್ನೋಮ್ ಟ್ವೀಕ್ಸ್ ಎಂಬ ಸೆಟ್ಟಿಂಗ್ಸ್ ಆ್ಯಪ್ ಹಾಕಿಕೊಂಡು, ಕೀಬೋರ್ಡಿನ ಹೆಚ್ಚುವರಿ ಆಯ್ಕೆಗಳಲ್ಲಿ ನಾನ್-ಬ್ರೇಕಿಂಗ್ ಸ್ಪೇಸಿನ ಸಾಲು ತೆರೆದು, ನಾನ್ ಜಾಯಿನರ್ ಅನ್ನು ಎರಡನೇ ಹಂತಕ್ಕೆ ಇಡಿ. ಅಲ್ಲಿಂದ ಶಿಫ್ಟ್ ಹಿಡಿದು ಸ್ಪೇಸ್ ಒತ್ತಿದರೆ ಆ ಕಾಣದ ಅಕ್ಷರ ಬರುತ್ತದೆ. ಸರಿಯಾಗಿದೆಯೇ ಎಂದು ನೋಡಲು ಎಂ, ಎಲ್, ಎಫ್, ಟಿ, ಎಫ್, ಶಿಫ್ಟ್-ಸ್ಪೇಸ್, ಡಿ, ಎಫ್ ಒತ್ತಿ. 'ಮಲ್ತ್‌ದ್' ಎಂದು ದಕಾರ ಕೆಳಗಿಳಿಯದೆ ಸಾಲಿನಲ್ಲೇ ನಿಂತರೆ ಕೆಲಸ ಆಗಿದೆ ಅಂತ.